ಕೀಲಿ ತೆಗೆದರೂ ನಿಲ್ಲದ ಎಂಜಿನು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರೂಪುಗೊಂಡ ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳಲ್ಲಿ ಹಳೆಯ ಡೀಸೆಲ್ ವಾಹನವೆಂಬುದು ಮನೆಯ ಹಿರಿಯ ಎತ್ತಿನಂತೆ. ಅದರ ಬಣ್ಣ ಮಾಸಿರಬಹುದು, ಬಾಗಿಲು ಜೋತುಬಿದ್ದಿರಬಹುದು. ದುಡಿಮೆ ಮಾತ್ರ ನಿಂತಿರುವುದಿಲ್ಲ. ಸಂತೆಗೆ ಶೇಂಗಾ, ಮೆಕ್ಕೆಜೋಳ ಒಯ್ಯುವುದಕ್ಕೆ, ಮದುವೆಯ ದಿಬ್ಬಣ ಸಾಗಿಸುವುದಕ್ಕೆ, ಕೊಟ್ಟೂರಿನ ರಥೋತ್ಸವಕ್ಕೋ ಮೈಲಾರದ ಕಾರಣಿಕಕ್ಕೋ ಜನರನ್ನು ಮುಟ್ಟಿಸುವುದಕ್ಕೆ, ನಡುರಾತ್ರಿಯಲ್ಲಿ ನೋವು ತಿನ್ನುತ್ತಿರುವ ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದಕ್ಕೆ ಇಂಥ ಒಂದು ಜೀಪೋ ಟ್ರ್ಯಾಕ್ಸೋ ಹಳೆಯ ಅಂಬಾಸಿಡರೋ ಬಂದೊದಗುತ್ತದೆ. ಖಾಸಗಿ ವಾಹನದ ಮೊದಲ ನೋಂದಣಿ 15 ವರ್ಷಗಳಿಗೆ ಮುಗಿದರೂ, ಐದೈದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಿಕೊಂಡು ಗಾಡಿಯನ್ನು ಓಡಿಸುವವರು ಉಂಟು.

ಇಂಥ ಹಳೆಯ ಗಾಡಿಗಳಿಗೆ ಒಂದು ವಿಚಿತ್ರ ವ್ಯಾಧಿಯಿದೆ. ಚಾಲಕನು ಮನೆಯ ಮುಂದೆ ವಾಹನವನ್ನು ತಂದು ನಿಲ್ಲಿಸಿ, ಕೀಲಿಯನ್ನು ತಿರುಗಿಸಿ, ಹೊರಕ್ಕೆ ತೆಗೆದು ಕಿಸೆಗೆ ಹಾಕಿಕೊಳ್ಳುತ್ತಾನೆ. ಎಂಜಿನು ಮಾತ್ರ ಏನೂ ಆಗದಂತೆ ಓಡುತ್ತಲೇ ಇರುತ್ತದೆ. ‘ಗಾಡಿ ಬಂದಾಗವಲ್ದು’ ಎಂಬ ಮಾತು ಹಬ್ಬಿ ನಾಲ್ಕು ಜನ ನೆರೆಯುತ್ತಾರೆ. ಬ್ಯಾಟರಿಯ ತಂತಿ ಕಿತ್ತರೆ ನಿಲ್ಲುತ್ತದೆಂದು ಒಬ್ಬನು ಹೇಳುತ್ತಾನೆ. ಗಾಳಿ ಹೋಗುವ ಕೊಳವೆಗೆ ಅಂಗೈ ಒತ್ತಿ ಹಿಡಿಯಬೇಕೆಂದು ಇನ್ನೊಬ್ಬನು ಮುಂದಾಗುತ್ತಾನೆ. ಮೊದಲನೆಯ ಸಲಹೆಯಿಂದ ಪ್ರಯೋಜನವಿಲ್ಲ. ಎರಡನೆಯದರಿಂದ ಕೈಗೇ ಸಂಚಕಾರ. ತಪ್ಪು ಇವರ ಬುದ್ಧಿಯದಲ್ಲ. ಡೀಸೆಲ್ ಎಂಜಿನಿನ ಒಡಲಲ್ಲಿ ಬೆಂಕಿ ಹೇಗೆ ಹೊತ್ತುತ್ತದೆಂಬುದು ತಿಳಿಯದಿದ್ದರೆ, ಅದನ್ನು ಆರಿಸುವ ದಾರಿಯೂ ತಿಳಿಯುವುದಿಲ್ಲ.

ಬೆಂಕಿ ಹೊತ್ತುವ ಬಗೆ

ಪೆಟ್ರೋಲ್ ಎಂಜಿನಿನ ಸಿಲಿಂಡರಿನೊಳಗೆ ಗಾಳಿಯೂ ಪೆಟ್ರೋಲಿನ ಆವಿಯೂ ಬೆರೆತು ಬರುತ್ತವೆ. ಸ್ಪಾರ್ಕ್ ಪ್ಲಗ್ಗಿನ ಕಿಡಿ ತಾಗಿದೊಡನೆ ಆ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನನ್ನು ಕೆಳಕ್ಕೆ ದೂಡುತ್ತದೆ. ಕಿಡಿಗೆ ಮೂಲ ವಿದ್ಯುತ್ತು. ಕೀಲಿಯನ್ನು ತಿರುಗಿಸಿ ವಿದ್ಯುತ್ತನ್ನು ಕಡಿದರೆ ಕಿಡಿಯಿಲ್ಲ, ಕಿಡಿಯಿಲ್ಲದಿದ್ದರೆ ಬೆಂಕಿಯಿಲ್ಲ. ಹಳೆಯ ಪೆಟ್ರೋಲ್ ಕಾರುಗಳು ಕೆಲವೊಮ್ಮೆ ಕೀಲಿ ತೆಗೆದ ಮೇಲೂ ನಾಲ್ಕಾರು ಸುತ್ತು ಮುಗ್ಗರಿಸಿ ನಿಲ್ಲುವುದುಂಟು. ಸಿಲಿಂಡರಿನೊಳಗೆ ಕಟ್ಟಿಕೊಂಡ ಇಂಗಾಲವು ಕೆಂಡದಂತೆ ಕಾದು ಕಿಡಿಯ ಕೆಲಸ ಮಾಡುವುದೇ ಇದಕ್ಕೆ ಕಾರಣ. ಆದರೆ ಅದು ಕ್ಷಣಮಾತ್ರದ ಆಟ.

ಡೀಸೆಲ್ ಎಂಜಿನಿನಲ್ಲಿ ಸ್ಪಾರ್ಕ್ ಪ್ಲಗ್ ಎಂಬುದೇ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ಎಲ್ಲ ಹುಡುಗರೂ ಮುಟ್ಟಿ ನೋಡಿರುತ್ತಾರೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ ಎಂಬ ಈ ಚಿಕ್ಕ ಸತ್ಯವೇ ಡೀಸೆಲ್ ಎಂಜಿನಿನ ಬುನಾದಿ. ಹಳೆಯ ಡೀಸೆಲ್ ಕಾರುಗಳಲ್ಲಿ ಪಿಸ್ಟನ್ನು ಮೇಲಕ್ಕೇರುವಾಗ ಗಾಳಿಯನ್ನು ಮೂಲ ಗಾತ್ರದ ಸುಮಾರು 20ರಲ್ಲಿ ಒಂದು ಭಾಗಕ್ಕೆ ಅದುಮುತ್ತದೆ. ಆಗ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ಸನ್ನೂ ದಾಟುತ್ತದೆ. ಕಾದ ಆ ಗಾಳಿಯೊಳಕ್ಕೆ ನಾಝಲ್ಲಿನ ಸೂಕ್ಷ್ಮ ರಂಧ್ರದ ಮೂಲಕ 100 ಬಾರಿಗೂ ಮೀರಿದ ಒತ್ತಡದಲ್ಲಿ ಡೀಸೆಲ್ ಚಿಮ್ಮಿದೊಡನೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಚಳಿಗಾಲದ ಬೆಳಿಗ್ಗೆ ಚಾಲಕನು ಕಾಯಿಸುವ ಹೀಟರ್ ಪ್ಲಗ್ಗು ಮೊದಲ ಬಾರಿ ಚಾಲೂ ಆಗಲು ನೆರವಾಗುತ್ತದೆಯೇ ಹೊರತು, ಎಂಜಿನು ಓಡುತ್ತಿರಲು ಅದು ಬೇಕಿಲ್ಲ.

ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು 1890ರ ದಶಕದಲ್ಲಿ ಈ ತತ್ತ್ವವನ್ನು ಯಂತ್ರರೂಪಕ್ಕೆ ಇಳಿಸಿದನು. 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಅವನ ಎಂಜಿನು ಪರೀಕ್ಷೆಯಲ್ಲಿ ಗೆದ್ದಿತು. ಆಗ ಅದು ಕಾರ್ಖಾನೆಯ ನೆಲಕ್ಕೆ ಬಿಗಿದು ನಿಲ್ಲಿಸುವಷ್ಟು ಭಾರದ ಯಂತ್ರ. 1927ರಲ್ಲಿ ಬಾಷ್ ಸಂಸ್ಥೆಯು ಡೀಸೆಲನ್ನು ಅಳೆದು ಚಿಮ್ಮಿಸುವ ಪಂಪನ್ನು ಹೇರಳವಾಗಿ ತಯಾರಿಸತೊಡಗಿದ ಮೇಲೆ ಅದು ರಸ್ತೆಗೆ ಬರುವ ದಾರಿ ಸುಗಮವಾಯಿತು. 1936ರಲ್ಲಿ ಮರ್ಸಿಡಿಸ್ ಸಂಸ್ಥೆ ಡೀಸೆಲ್ ಕಾರನ್ನು ಮಾರುಕಟ್ಟೆಗೆ ತಂದಿತು. ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. 1951ರಲ್ಲಿ ಬಾಷ್ ಸಹಯೋಗದಿಂದ ಸ್ಥಾಪನೆಗೊಂಡ ಮೈಕೋ ಕಾರ್ಖಾನೆಯು ಬೆಂಗಳೂರಿನ ಆಡುಗೋಡಿಯಲ್ಲಿ ಇಂಥ ಪಂಪುಗಳನ್ನು ತಯಾರಿಸಿ ದೇಶಕ್ಕೆಲ್ಲ ಒದಗಿಸಿತು. 2008ರಲ್ಲಿ ಆ ಸಂಸ್ಥೆಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು. 1980ರಲ್ಲಿ ಅಂಬಾಸಿಡರ್ ಕಾರು 1489 ಸಿ.ಸಿ. ಡೀಸೆಲ್ ಎಂಜಿನಿನೊಡನೆ ಬಂದಾಗ, ಅದುವರೆಗೆ ಲಾರಿ, ಬಸ್ಸು, ಜೀಪು ಮತ್ತು ನೀರೆತ್ತುವ ಯಂತ್ರಗಳ ಸ್ವತ್ತಾಗಿದ್ದ ಡೀಸೆಲ್, ಭಾರತದ ಕಾರಿನೊಳಕ್ಕೂ ಕಾಲಿಟ್ಟಿತು.

ಮೇಲಿನ ವಿವರಣೆಯಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಡೀಸೆಲ್ ಎಂಜಿನಿಗೆ ಬೇಕಾದುದು ಎರಡೇ: ಉರಿಯುವ ಎಣ್ಣೆ ಮತ್ತು ಗಾಳಿ. ಒಮ್ಮೆ ತಿರುಗತೊಡಗಿದ ಮೇಲೆ, ಹಳೆಯ ಯಾಂತ್ರಿಕ ಪಂಪಿನ ಎಂಜಿನಿಗೆ ವಿದ್ಯುತ್ತಿನ ಹಂಗು ಬಹುಮಟ್ಟಿಗೆ ಇಲ್ಲ. ಅದನ್ನು ನಿಲ್ಲಿಸಬೇಕಾದರೆ ಎಣ್ಣೆಯನ್ನು ತಡೆಯಬೇಕು, ಇಲ್ಲವೆ ಗಾಳಿಯನ್ನು ತಡೆಯಬೇಕು, ಇಲ್ಲವೆ ಹೊರಲಾರದ ಹೊರೆ ಹೊರಿಸಿ ಅದರ ತಿರುಗುವಿಕೆಯನ್ನೇ ಕಟ್ಟಬೇಕು. ಇನ್ನು ಮುಂದೆ ಹೇಳುವ ಉಪಾಯಗಳೆಲ್ಲ ಈ ಮೂರರಲ್ಲಿ ಒಂದಕ್ಕೆ ಸೇರಿದವು.

ನಿಲ್ಲಿಸುವ ಮೂರು ಏರ್ಪಾಡುಗಳು

ಹಳೆಯ ಡೀಸೆಲ್ ಗಾಡಿಗಳಲ್ಲಿ ಎಣ್ಣೆಯನ್ನು ತಡೆಯಲು ಮುಖ್ಯವಾಗಿ ಮೂರು ಏರ್ಪಾಡುಗಳಿವೆ.

ಮೊದಲನೆಯದು ಕೈಯಿಂದ ಎಳೆಯುವ ಗುಂಡಿ. ಹಳೆಯ ಲಾರಿ, ಜೀಪುಗಳ ಚಾಲಕರಿಗೆ ಇದು ಚಿರಪರಿಚಿತ. ಗುಂಡಿಗೆ ಕಟ್ಟಿದ ಕೇಬಲ್ಲು ಪಂಪಿನ ಮೇಲಿರುವ ಸ್ಟಾಪ್ ಲಿವರನ್ನು ಎಳೆಯುತ್ತದೆ. ಲಿವರು ಎಣ್ಣೆಯ ಅಳತೆಯನ್ನು ಸೊನ್ನೆಗೆ ಇಳಿಸುತ್ತದೆ. ಕೇಬಲ್ಲಿನ ಒಳತಂತಿ ತುಕ್ಕು ಹಿಡಿದು ಬಿಗಿದುಕೊಂಡರೆ, ಹಿಗ್ಗಿದರೆ, ತುಂಡಾದರೆ, ಅಥವಾ ಲಿವರಿನ ಬಳಿ ಅದನ್ನು ಬಿಗಿದ ಸ್ಕ್ರೂ ಸಡಿಲಾದರೆ, ಗುಂಡಿ ಕೈಗೆ ಬರುತ್ತದೆ. ಲಿವರು ಮಾತ್ರ ಕದಲುವುದಿಲ್ಲ.

ಎರಡನೆಯದು ವಿದ್ಯುತ್ತಿನಿಂದ ನಡೆಯುವ ಬಾಗಿಲು. ಪಂಪಿನ ಮೇಲೆ ಸೊಲೆನಾಯ್ಡ್ ಎಂಬ ಸಣ್ಣ ಸುರುಳಿಯಿರುತ್ತದೆ. ಕೀಲಿ ಹಾಕಿದಾಗ ಅದು ಅಯಸ್ಕಾಂತವಾಗಿ ಒಂದು ಕಿರುಗೂಟವನ್ನು ಸೆಳೆದು ಎಣ್ಣೆಗೆ ದಾರಿ ಬಿಡುತ್ತದೆ. ಕೀಲಿ ತೆಗೆದಾಗ ಸ್ಪ್ರಿಂಗು ಆ ಗೂಟವನ್ನು ಹಿಂದಕ್ಕೆ ತಳ್ಳಿ ದಾರಿ ಮುಚ್ಚುತ್ತದೆ. ಗೂಟವು ಕಸರಿನಿಂದ ಸಿಕ್ಕಿಕೊಂಡರೆ ದಾರಿ ಮುಚ್ಚುವುದಿಲ್ಲ. ಕೀಲಿಯ ಸ್ವಿಚ್ಚಿನೊಳಗಿನ ತಗಡುಗಳು ಅಂಟಿಕೊಂಡಿದ್ದರೂ, ಹಾಡಿನ ಪೆಟ್ಟಿಗೆ, ಹೆಚ್ಚುವರಿ ದೀಪ ಇತ್ಯಾದಿಗಳಿಗಾಗಿ ಎಲ್ಲೆಂದರಲ್ಲಿ ಜೋಡಿಸಿದ ತಂತಿಗಳಿಂದ ಬೇರೆ ದಾರಿಯಲ್ಲಿ ವಿದ್ಯುತ್ತು ಹರಿದು ಬರುತ್ತಿದ್ದರೂ ಫಲ ಒಂದೇ. ಕೆಲವು ಗಾಡಿಗಳಲ್ಲಿ ಇದಕ್ಕೆ ತಿರುಗಾಮುರುಗಾ ವ್ಯವಸ್ಥೆಯಿದ್ದು, ನಿಲ್ಲಿಸುವಾಗ ಮಾತ್ರ ವಿದ್ಯುತ್ತು ಹರಿಯುತ್ತದೆ. ಅಂಥಲ್ಲಿ ತಂತಿ ಕಳಚಿದರೆ ಎಂಜಿನು ನಿಲ್ಲಲೊಲ್ಲದು.

ಮೂರನೆಯದು ನಿರ್ವಾತದ ಸೆಳೆತ. ಡೀಸೆಲ್ ಎಂಜಿನಿನಲ್ಲಿ ಗಾಳಿಯ ದಾರಿ ಸಾಮಾನ್ಯವಾಗಿ ಸದಾ ತೆರೆದೇ ಇರುವುದರಿಂದ, ಪೆಟ್ರೋಲ್ ಎಂಜಿನಿನಂತೆ ಅಲ್ಲಿ ಬಲವಾದ ಸೆಳೆತ ಹುಟ್ಟುವುದಿಲ್ಲ. ಆದುದರಿಂದ ಬ್ರೇಕಿನ ನೆರವಿಗೆ ಪ್ರತ್ಯೇಕವಾದ ನಿರ್ವಾತ ಪಂಪನ್ನು ಜೋಡಿಸುವುದುಂಟು. 1976ರಿಂದ 1980ರ ದಶಕದ ನಡುವಿನವರೆಗೆ ತಯಾರಾದ ಮರ್ಸಿಡಿಸ್ 123 ಮಾಲಿಕೆಯ ಡೀಸೆಲ್ ಕಾರುಗಳು ಈ ಸೆಳೆತವನ್ನೇ ಎಂಜಿನು ನಿಲ್ಲಿಸಲೂ ಬಳಸಿದವು. ಕೀಲಿ ತಿರುಗಿಸಿದಾಗ ಸೆಳೆತವು ರಬ್ಬರ್ ಕೊಳವೆಯ ಮೂಲಕ ಪಂಪಿನ ಮೇಲಿನ ಪೊರೆಯನ್ನು ಎಳೆದು ಎಣ್ಣೆಯನ್ನು ತಡೆಯುತ್ತದೆ. ಅದೇ ಸೆಳೆತ ಬಾಗಿಲುಗಳ ಬೀಗಕ್ಕೂ ದುಡಿಯುವುದರಿಂದ, ಹಿಂದಿನ ಬಾಗಿಲಿನ ಬೀಗದಲ್ಲಿ ಗಾಳಿ ಸೋರಿದರೂ ಮುಂದಿನ ಎಂಜಿನು ನಿಲ್ಲದೆ ಹೋಗಬಹುದು! ಇಂಥ ಸಂದರ್ಭಕ್ಕೆಂದೇ ಆ ಕಾರುಗಳ ಬಾನೆಟ್ಟಿನೊಳಗೆ ‘ಸ್ಟಾಪ್’ ಎಂದು ಬರೆದ ಕೈಲಿವರೊಂದನ್ನು ಇಟ್ಟಿದ್ದರು. ಆ ಕುಟುಂಬದ ಒಎಂ 616 ಎಂಬ ಎಂಜಿನನ್ನು ಬಜಾಜ್ ಟೆಂಪೊ ಸಂಸ್ಥೆಯು ಭಾರತದಲ್ಲಿ ತಯಾರಿಸಿ ಮೆಟಡಾರ್, ಟ್ರ್ಯಾಕ್ಸ್ ವಾಹನಗಳಿಗೆ ಅಳವಡಿಸಿತು. ಒಂದೇ ಎಂಜಿನು ಬೇರೆ ಬೇರೆ ಗಾಡಿಗಳಲ್ಲಿ ಕುಳಿತಾಗ ನಿಲ್ಲಿಸುವ ಏರ್ಪಾಡು ಬದಲಾಗಬಹುದು. ತನ್ನ ಗಾಡಿಯಲ್ಲಿ ಇರುವುದು ಯಾವುದೆಂದು ಚಾಲಕನು ಮುಂಚಿತವಾಗಿ ನೋಡಿ ತಿಳಿದಿರಬೇಕು.

ನಿರ್ವಾತದ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಸೆಳೆತದಿಂದ ನಿಲ್ಲುವ ಎಂಜಿನು ನಿಲ್ಲದೆ ಹೋದರೆ, ಅದು ಬ್ರೇಕಿನ ಸಂಗತಿಯನ್ನೂ ಹೇಳುತ್ತಿರಬಹುದು. ನಿರ್ವಾತ ಪಂಪೇ ದುರ್ಬಲವಾಗಿದ್ದರೆ ಬ್ರೇಕಿಗೆ ದೊರೆಯುವ ನೆರವೂ ಕುಗ್ಗಿ, ಪೆಡಲ್ಲನ್ನು ಬಹಳ ಬಲವಾಗಿ ತುಳಿಯಬೇಕಾಗುತ್ತದೆ. ಜನ ತುಂಬಿದ ಗಾಡಿಯೊಂದು ಇಳಿಜಾರಿನಲ್ಲಿರುವಾಗ ಈ ಕೊರತೆ ತಿಳಿಯುವುದಕ್ಕಿಂತ, ಮನೆಯ ಮುಂದೆ ಎಂಜಿನು ನಿಲ್ಲದಾಗಲೇ ತಿಳಿಯುವುದು ಲೇಸು.

ಎರಡು ಸ್ಥಿತಿಗಳು

‘ಗಾಡಿ ನಿಲ್ಲುತ್ತಿಲ್ಲ’ ಎಂಬ ಒಂದೇ ಮಾತಿನೊಳಗೆ ಎರಡು ಬೇರೆ ಬೇರೆ ಸ್ಥಿತಿಗಳು ಅಡಗಿವೆ. ಇವುಗಳನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು.

ಮೊದಲನೆಯ ಸ್ಥಿತಿಯಲ್ಲಿ ಎಂಜಿನು ಎಂದಿನಂತೆ ನಿಧಾನವಾಗಿ ಓಡುತ್ತಿರುತ್ತದೆ. ಶಬ್ದದಲ್ಲಿ ವ್ಯತ್ಯಾಸವಿಲ್ಲ, ಹೊಗೆ ಹೆಚ್ಚಿಲ್ಲ, ಆಕ್ಸಿಲರೇಟರಿನ ಮಾತು ಕೇಳುತ್ತದೆ. ಕೀಲಿಯ ಮಾತು ಮಾತ್ರ ಕೇಳುವುದಿಲ್ಲ. ಎಣ್ಣೆಯನ್ನು ತಡೆಯುವ ಏರ್ಪಾಡು ಕೆಟ್ಟಿದೆ ಎಂಬುದಷ್ಟೇ ಇದರ ಅರ್ಥ. ಇಲ್ಲಿ ಗಾಬರಿಗೆ ಕಾರಣವಿಲ್ಲ. ಆಲೋಚಿಸಲು ಬೇಕಾದಷ್ಟು ಸಮಯವಿದೆ.

ಎರಡನೆಯ ಸ್ಥಿತಿಯಲ್ಲಿ ಎಂಜಿನು ತಾನಾಗಿಯೇ ವೇಗ ಏರಿಸಿಕೊಳ್ಳುತ್ತದೆ. ಕಾಲನ್ನು ಆಕ್ಸಿಲರೇಟರಿನಿಂದ ತೆಗೆದರೂ ಕೂಗು ಏರುತ್ತಲೇ ಹೋಗುತ್ತದೆ; ಹಿಂದಿನ ಕೊಳವೆಯಿಂದ ನೀಲಿಯೋ ಬಿಳಿಯೋ ಆದ ದಟ್ಟ ಹೊಗೆ ಬೀದಿಯನ್ನೇ ಮುಚ್ಚುತ್ತದೆ. ಇದು ಕಡಿವಾಣ ಹರಿದ ಎಂಜಿನು. ಇಲ್ಲಿ ಕೈಯಲ್ಲಿರುವುದು ಕೆಲವು ಕ್ಷಣಗಳು ಮಾತ್ರ.

ನಿಧಾನವಾಗಿ ಓಡುತ್ತಿರುವ ಎಂಜಿನನ್ನು ನಿಲ್ಲಿಸುವುದು

ಮೊದಲು ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕೈಬ್ರೇಕು ಹಾಕಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಗಾಲಿಗಳಿಗೆ ಕಲ್ಲು ಕೊಡಬೇಕು. ಒಳಗಿರುವವರನ್ನು ಇಳಿಸಿ ದೂರ ಕಳಿಸಬೇಕು. ಎಳೆಯುವ ಗುಂಡಿಯಿದ್ದರೆ ಅದನ್ನು ಪೂರ್ತಿ ಎಳೆದು, ಎಂಜಿನು ಸಂಪೂರ್ಣ ನಿಲ್ಲುವವರೆಗೆ ಹಿಡಿದಿರಬೇಕು. ಅರ್ಧಕ್ಕೇ ಬಿಟ್ಟರೆ ಅದು ಮತ್ತೆ ಚೇತರಿಸಿಕೊಳ್ಳುತ್ತದೆ.

ಅದರಿಂದ ನಿಲ್ಲದಿದ್ದರೆ ಬಾನೆಟ್ಟನ್ನು ಎತ್ತಬೇಕು. ನಾಝಲ್ಲುಗಳಿಗೆ ಹೋಗುವ ಸಣ್ಣ ಉಕ್ಕಿನ ಕೊಳವೆಗಳೆಲ್ಲ ಎಲ್ಲಿಂದ ಹೊರಡುತ್ತವೆಯೋ ಅದೇ ಡೀಸೆಲ್ ಪಂಪು. ಅದರ ಮೇಲೆ ಸಾಮಾನ್ಯವಾಗಿ ಎರಡು ಲಿವರುಗಳಿರುತ್ತವೆ. ಆಕ್ಸಿಲರೇಟರಿಗೆ ಸೇರಿದುದು ಒಂದು, ನಿಲ್ಲಿಸುವುದಕ್ಕೆ ಇನ್ನೊಂದು. ಎರಡನೆಯದನ್ನು ಗಟ್ಟಿಯಾದ ಕಡ್ಡಿಯಿಂದಲೋ ಸ್ಕ್ರೂಡ್ರೈವರಿನಿಂದಲೋ ನಿಲ್ಲಿಸುವ ದಿಕ್ಕಿಗೆ ದೂಡಿ ಹಿಡಿದರೆ ಎಂಜಿನು ನಿಲ್ಲುತ್ತದೆ. ಈ ಕೆಲಸ ಮಾಡುವವರು ಹೆಗಲ ಮೇಲಿನ ಟವೆಲನ್ನು ತೆಗೆದಿಟ್ಟು, ಪಂಚೆಯ ಚುಂಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡಿರಬೇಕು. ತಿರುಗುವ ಫ್ಯಾನೂ ಬೆಲ್ಟೂ ಬಟ್ಟೆಯ ತುದಿ ಸಿಕ್ಕರೆ ಆಳನ್ನೇ ಸೆಳೆದುಕೊಳ್ಳುತ್ತವೆ.

ಸೊಲೆನಾಯ್ಡ್ ಇರುವ ಪಂಪಾದರೆ, ಅದಕ್ಕೆ ಬರುವ ತಂತಿಯನ್ನು ಕಳಚಿ ನೋಡಬಹುದು. ತಂತಿ ಕಳಚಿದೊಡನೆ ನಿಂತರೆ ದೋಷವು ಸ್ವಿಚ್ಚಿನಲ್ಲಿದೆ ಅಥವಾ ತಂತಿಗಳಲ್ಲಿದೆ. ನಿಲ್ಲದಿದ್ದರೆ ಗೂಟವೇ ಸಿಕ್ಕಿಕೊಂಡಿರಬೇಕು. ಅಥವಾ ಅದು ನಿಲ್ಲಿಸುವಾಗ ಮಾತ್ರ ವಿದ್ಯುತ್ತು ಬೇಡುವ ಜಾತಿಯದಾಗಿರಬೇಕು. ಹೀಗೆ ಒಂದೇ ಪರೀಕ್ಷೆಯಿಂದ ರೋಗದ ಅರ್ಧ ನಿದಾನವಾಗುತ್ತದೆ.

ಈ ಯಾವುದೂ ಸಾಧ್ಯವಾಗದಿದ್ದರೆ, ಕೈಯಿಂದ ಗೇರು ಹಾಕುವ ಗಾಡಿಯನ್ನು ಹೊರೆಯಿಂದ ನಿಲ್ಲಿಸಬಹುದು. ಗಾಡಿಯ ಹಿಂದೆ ಮುಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಚಾಲಕನು ತನ್ನ ಆಸನದಲ್ಲಿಯೇ ಕುಳಿತು, ಬ್ರೇಕನ್ನು ಬಲವಾಗಿ ಒತ್ತಿ, ಕ್ಲಚ್ಚು ತುಳಿದು, ಕೊನೆಯ ಗೇರನ್ನು ಹಾಕಿ, ಕ್ಲಚ್ಚನ್ನು ಬಿಡಬೇಕು. ನಿಂತಲ್ಲಿಂದ ಕೊನೆಯ ಗೇರಿನಲ್ಲಿ ಗಾಡಿಯನ್ನು ಎಳೆಯುವ ಶಕ್ತಿ ಎಂಜಿನಿಗಿಲ್ಲ. ಅದು ಒಮ್ಮೆ ನಡುಗಿ ನಿಲ್ಲುತ್ತದೆ. ಮೊದಲನೆಯ ಗೇರಿನಲ್ಲಿ ಈ ಪ್ರಯತ್ನವನ್ನು ಎಂದಿಗೂ ಮಾಡಕೂಡದು. ಆ ಗೇರಿನಲ್ಲಿ ಎಂಜಿನಿನ ಬಲ ಹೆಚ್ಚಾಗಿ ಗಾಲಿಗಳಿಗೆ ತಲುಪುವುದರಿಂದ ಗಾಡಿ ಬ್ರೇಕನ್ನು ಮೀರಿ ಮುನ್ನುಗ್ಗಬಹುದು. ಒಮ್ಮೆ ಹೀಗೆ ನಿಲ್ಲಿಸಿದ ಗಾಡಿಯನ್ನು ದುರಸ್ತಿಯಾಗುವವರೆಗೆ ಜನರ ನಡುವೆ ಒಯ್ಯಬಾರದು. ದಿನವೂ ಗೇರಿನಿಂದಲೇ ನಿಲ್ಲಿಸುತ್ತ ವರ್ಷ ಕಳೆಯುವ ಅಭ್ಯಾಸವು ಕ್ಲಚ್ಚಿಗೂ ಕೆಡುಕು, ಅಕ್ಕಪಕ್ಕದವರಿಗೂ ಅಪಾಯ.

ಟ್ಯಾಂಕಿನಿಂದ ಬರುವ ಡೀಸೆಲ್ ನಲ್ಲಿಯನ್ನು ಮುಚ್ಚಿದರೂ ಎಂಜಿನು ನಿಲ್ಲುತ್ತದೆ. ಆದರೆ ಕೊಳವೆಯಲ್ಲಿ ಉಳಿದ ಎಣ್ಣೆ ತೀರುವವರೆಗೆ ಕಾಯಬೇಕು. ಬಳಿಕ ಪಂಪಿನೊಳಗೆ ಗಾಳಿ ಹಿಡಿಯುವುದರಿಂದ, ಪುನಃ ಚಾಲೂ ಮಾಡುವ ಮೊದಲು ಏರ್ ತೆಗೆಯುವ ಕೆಲಸ ಬೀಳುತ್ತದೆ.

ಕಡಿವಾಣ ಹರಿದ ಎಂಜಿನು

ಎರಡನೆಯ ಸ್ಥಿತಿ ಒದಗುವುದು ಹೇಗೆ? ಒಂದು ಕಾರಣ, ಪಂಪಿನೊಳಗೆ ಎಣ್ಣೆಯ ಅಳತೆಯನ್ನು ಹಿಡಿತದಲ್ಲಿಡುವ ಗವರ್ನರು ಕೆಡುವುದು, ಇಲ್ಲವೆ ಅಳತೆಯ ಸರಳು ಪೂರ್ತಿ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುವುದು. ಇದಕ್ಕಿಂತ ವಿಲಕ್ಷಣವಾದ ಇನ್ನೊಂದು ಕಾರಣವಿದೆ. ಎಂಜಿನು ಟ್ಯಾಂಕಿನ ಡೀಸೆಲನ್ನು ಬಿಟ್ಟು ತನ್ನ ಒಡಲಿನ ಎಂಜಿನ್ ಆಯಿಲನ್ನೇ ಕುಡಿದು ಓಡತೊಡಗುತ್ತದೆ. ಕಾದ ಗಾಳಿಯೊಳಗೆ ಡೀಸೆಲ್ ಹೊತ್ತುವಂತೆ ಎಂಜಿನ್ ಆಯಿಲಿನ ತುಂತುರೂ ಹೊತ್ತುತ್ತದೆ.

ಆ ಆಯಿಲು ಗಾಳಿಯ ದಾರಿಗೆ ಬರುವ ಬಾಗಿಲುಗಳು ಹಲವು. ಪಿಸ್ಟನ್ನಿನ ರಿಂಗುಗಳು ಸವೆದಾಗ ಕೆಳಕ್ಕೆ ನುಸುಳಿದ ಹೊಗೆಯು ಆಯಿಲಿನ ಹನಿಗಳನ್ನು ಹೊತ್ತು ಉಸಿರು ಕೊಳವೆಯ ಮೂಲಕ ಗಾಳಿಯ ದಾರಿಗೆ ಸೇರುತ್ತದೆ. ಟರ್ಬೊ ಇರುವ ಎಂಜಿನುಗಳಲ್ಲಿ ಅದರ ಸೀಲು ಕೆಟ್ಟರೆ ಆಯಿಲು ನೇರವಾಗಿ ಒಳಹೋಗುತ್ತದೆ. ಆಯಿಲನ್ನು ಅಳತೆ ಮೀರಿ ತುಂಬಿದರೂ ಇದೇ ಗತಿ. ಜೀಪು, ಟ್ರ್ಯಾಕ್ಟರುಗಳಲ್ಲಿರುವ ಎಣ್ಣೆಬಟ್ಟಲಿನ ಏರ್ ಫಿಲ್ಟರಿನಲ್ಲಿ ಗುರುತಿನ ಗೆರೆಗಿಂತ ಹೆಚ್ಚಾಗಿ ಆಯಿಲು ಹೊಯ್ದರೆ, ಎಂಜಿನು ಗಾಳಿಯೊಡನೆ ಅದನ್ನೂ ಹೀರಿಬಿಡುತ್ತದೆ. ಧೂಳಿನ ಊರಲ್ಲಿ ಒಂದಿಷ್ಟು ಹೆಚ್ಚೇ ಇರಲಿ ಎಂಬ ಸದುದ್ದೇಶವು ಹೀಗೆ ಕೇಡಿಗೆ ಕಾರಣವಾಗಬಲ್ಲದು.

ಎಂಜಿನು ತನ್ನ ಆಯಿಲನ್ನೇ ಉರಿಸತೊಡಗಿದಾಗ ಸ್ಟಾಪ್ ಗುಂಡಿ, ಸೊಲೆನಾಯ್ಡ್, ಡೀಸೆಲ್ ನಲ್ಲಿ ಯಾವುದೂ ಉಪಯೋಗಕ್ಕೆ ಬಾರದು. ವೇಗ ಏರಿದಷ್ಟೂ ಆಯಿಲು ಹೆಚ್ಚು ಹೀರಲ್ಪಡುತ್ತದೆ. ಆಯಿಲು ಹೆಚ್ಚಿದಷ್ಟೂ ವೇಗ ಏರುತ್ತದೆ. ತಡೆಯದಿದ್ದರೆ ಆಯಿಲು ತೀರಿ ಎಂಜಿನು ಒಣಗಿ ಬಿಗಿದುಕೊಳ್ಳುತ್ತದೆ, ಇಲ್ಲವೆ ಕನೆಕ್ಟಿಂಗ್ ರಾಡು ಮುರಿದು ಎಂಜಿನಿನ ಗೋಡೆಯನ್ನೇ ಒಡೆದು ಹೊರಬರುತ್ತದೆ.

ಈ ಸ್ಥಿತಿಯಲ್ಲಿ ಉಳಿದಿರುವುದು ಎರಡು ದಾರಿ: ಹೊರೆ ಮತ್ತು ಗಾಳಿ. ಗಾಡಿ ಚಲಿಸುತ್ತಿರುವಾಗಲೇ ಹೀಗಾದರೆ, ಕ್ಲಚ್ಚು ತುಳಿದು ನ್ಯೂಟ್ರಲ್ಲಿಗೆ ತರುವುದು ದೊಡ್ಡ ತಪ್ಪು. ಹೊರೆ ಕಳೆದೊಡನೆ ಎಂಜಿನು ಇನ್ನಷ್ಟು ಚಿಮ್ಮುತ್ತದೆ. ಮೇಲಿನ ಗೇರಿನಲ್ಲಿಯೇ ಇಟ್ಟು, ರಸ್ತೆಯ ಅಂಚಿಗೆ ಸರಿದು, ಬ್ರೇಕನ್ನು ಶಕ್ತಿಮೀರಿ ಒತ್ತಿ ಎಂಜಿನನ್ನು ಕಟ್ಟಿಹಾಕಬೇಕು. ನಿಂತ ಗಾಡಿಯಾದರೆ ಮೇಲೆ ಹೇಳಿದಂತೆ ಕೊನೆಯ ಗೇರಿನ ಉಪಾಯವನ್ನು ತಡಮಾಡದೆ ಮಾಡಬೇಕು. ಸ್ವಯಂಚಾಲಿತ ಗೇರಿನ ಗಾಡಿಗಳಲ್ಲಿ ಈ ಉಪಾಯ ನಡೆಯದು.

ಗಾಳಿಯನ್ನು ತಡೆದರೆ ಎಂಜಿನು ಯಾವ ಎಣ್ಣೆಯನ್ನು ಕುಡಿಯುತ್ತಿದ್ದರೂ ನಿಲ್ಲಲೇಬೇಕು. ಇಂಗಾಲದ ಡೈಆಕ್ಸೈಡ್ ತುಂಬಿದ ಅಗ್ನಿಶಾಮಕವಿದ್ದರೆ ಅದರ ಧಾರೆಯನ್ನು ಗಾಳಿಯ ಬಾಯಿಗೆ ಹಿಡಿಯುವುದು ಉತ್ತಮ ಮಾರ್ಗ. ಅದಿಲ್ಲದಿದ್ದರೆ ಗಾಳಿಯ ಬಾಯಿಗಿಂತ ಅಗಲವಾದ, ದಪ್ಪನೆಯ, ಸಪಾಟಾದ ಹಲಗೆಯ ತುಂಡನ್ನು ಒತ್ತಿ ಹಿಡಿಯಬಹುದು. ಆದರೆ ಎಂಜಿನಿನ ಕೂಗು ಆಗಲೇ ವಿಪರೀತಕ್ಕೆ ಏರಿದ್ದರೆ, ಬಾನೆಟ್ಟಿನ ಬಳಿಗೆ ಹೋಗದೆ, ಎಲ್ಲರನ್ನೂ ದೂರಕ್ಕೆ ಕರೆದೊಯ್ದು, ಅದನ್ನು ಅದರ ಪಾಡಿಗೆ ಬಿಡುವುದೇ ವಿವೇಕ. ಎಂಜಿನನ್ನು ಮರಳಿ ಕಟ್ಟಿಸಬಹುದು. ಹಾರಿಬಂದ ಲೋಹದ ತುಂಡಿಗೆ ಸಿಕ್ಕ ಜೀವವನ್ನು ಮರಳಿ ತರಲಾಗದು.

ತೋಟದ ಬಾವಿಗಳ ಮೇಲೆ ಕುಳಿತ ಹಳೆಯ ಆಯಿಲ್ ಎಂಜಿನುಗಳಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಅವುಗಳಲ್ಲಿ ಹಲವಕ್ಕೆ, ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುವಾಗ ಒತ್ತಡವನ್ನು ಬಿಡಿಸುವ ಲಿವರೊಂದಿದೆ. ಬೇರೆ ಉಪಾಯ ಸಾಗದಾಗ ಅದನ್ನೆತ್ತಿದರೆ ಗಾಳಿ ಒತ್ತಲ್ಪಡುವುದಿಲ್ಲ. ಒತ್ತದ ಗಾಳಿ ಕಾಯುವುದಿಲ್ಲ. ಕಾಯದ ಗಾಳಿಯಲ್ಲಿ ಎಣ್ಣೆ ಹೊತ್ತುವುದಿಲ್ಲ.

ಮಾಡಬಾರದ ಕೆಲಸಗಳು

ಗಾಳಿಯ ಬಾಯಿಗೆ ಅಂಗೈಯನ್ನು ಒಡ್ಡಬಾರದು. ಎಂಜಿನಿನ ಸೆಳೆತ ಕೈಯನ್ನು ಹಿಡಿದಿಟ್ಟು ಗಾಯಗೊಳಿಸುತ್ತದೆ. ಟರ್ಬೊ ಇದ್ದರೆ ಒಳಗಿನ ಚಕ್ರ ಬೆರಳನ್ನೇ ಕತ್ತರಿಸೀತು. ತೆಳುವಾದ ಬಟ್ಟೆಯನ್ನು ತುರುಕಬಾರದು. ಅದು ಒಳಕ್ಕೆ ಸೆಳೆಯಲ್ಪಡುತ್ತದೆ. ನೀರು ಹೊಯ್ಯಬಾರದು; ಗಾಳಿಯಂತೆ ನೀರು ಅದುಮಿಸಿಕೊಳ್ಳುವ ವಸ್ತುವಲ್ಲವಾದ್ದರಿಂದ ಪಿಸ್ಟನ್ನೂ ರಾಡೂ ಮುರಿಯುತ್ತವೆ. ಬ್ಯಾಟರಿಯ ತಂತಿಯನ್ನು ಕಿತ್ತರೆ ಎಂಜಿನು ನಿಲ್ಲುವುದಿರಲಿ, ಆಲ್ಟರ್ನೇಟರು ಸುಡುವ ಸಂಭವವಿದೆ. ಓಡುತ್ತಿರುವ ಎಂಜಿನಿನ ನಾಝಲ್ ಕೊಳವೆಗಳ ನಟ್ಟುಗಳನ್ನು ಸಡಿಲಿಸಲೂಬಾರದು. ಅಲ್ಲಿಂದ ಚಿಮ್ಮುವ ಡೀಸೆಲ್ ಸೂಜಿಯಂತೆ ಚರ್ಮವನ್ನು ತೂರಿ ಒಳಸೇರಬಲ್ಲದು. ಹೊರಗೆ ಚುಕ್ಕೆಯಂತೆ ಕಂಡರೂ ಒಳಗೆ ಅಂಗಾಂಶ ಕೊಳೆಯುವ ಗಾಯವದು. ಕೂಡಲೇ ವೈದ್ಯರ ಬಳಿಗೆ ಹೋಗಬೇಕು.

ಇನ್ನೊಂದು ಸಂಗತಿ ಹೆದ್ದಾರಿಯ ಬದಿಯ ಊರುಗಳಿಗೆ ಸಂಬಂಧಿಸಿದುದು. ಕೂಡ್ಲಿಗಿಯ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 50ರಂಥ ರಸ್ತೆಗಳಲ್ಲಿ ಪೆಟ್ರೋಲ್, ಅಡುಗೆ ಅನಿಲದ ಟ್ಯಾಂಕರುಗಳೂ ಸಂಚರಿಸುತ್ತವೆ. ಸೋರಿದ ಅನಿಲವು ಗಾಳಿಯೊಡನೆ ಬೆರೆತು ಡೀಸೆಲ್ ಎಂಜಿನಿನೊಳಕ್ಕೆ ಹೋದರೆ, ಎಂಜಿನು ಅದನ್ನೇ ಉರಿಸಿ ಹಿಡಿತ ಮೀರುತ್ತದೆ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ತೈಲ ಶುದ್ಧೀಕರಣಾಗಾರದಲ್ಲಿ 15 ಜನ ಸತ್ತು, 180 ಜನ ಗಾಯಗೊಂಡ ಸ್ಫೋಟಕ್ಕೆ, ಅಲ್ಲಿ ಎಂಜಿನು ಚಾಲೂ ಇಟ್ಟು ನಿಲ್ಲಿಸಿದ್ದ ಡೀಸೆಲ್ ವಾಹನವೊಂದು ಹರಡಿದ ಆವಿಯನ್ನು ಹೀರಿ ವೇಗ ಮೀರಿದುದೇ ಬಹುಮಟ್ಟಿಗೆ ಕಿಡಿಯಾಯಿತೆಂದು ತನಿಖೆಯವರು ತೀರ್ಮಾನಿಸಿದರು. ಆದುದರಿಂದ ಟ್ಯಾಂಕರು ಉರುಳಿದ ಸುದ್ದಿ ತಿಳಿದಾಗ ನೋಡಲೆಂದು ಗಾಡಿ ಹತ್ತಿ ಹತ್ತಿರ ಹೋಗುವುದು ಸಲ್ಲದು.

ಧೂಳು ಮತ್ತು ಡಬ್ಬಿಯ ಡೀಸೆಲ್

ಈ ಸೀಮೆಯ ಬಿಸಿಲು ಕಠಿಣ, ಧೂಳು ಹೆಚ್ಚು. ಬೇಸಿಗೆಯ ಹೊಲದ ದಾರಿಯಲ್ಲಿ ಒಂದು ಗಾಡಿ ಮುಂದೆ ಹೋದರೆ ಹಿಂದಿನದಕ್ಕೆ ದಾರಿಯೇ ಕಾಣುವುದಿಲ್ಲ. ಏರ್ ಫಿಲ್ಟರನ್ನು ದಾಟಿದ ಧೂಳು ಸಿಲಿಂಡರನ್ನೂ ರಿಂಗುಗಳನ್ನೂ ಸಾಣೆ ಹಿಡಿದಂತೆ ಸವೆಸುತ್ತದೆ. ಸವೆದ ರಿಂಗುಗಳು ಆಯಿಲನ್ನು ಮೇಲಕ್ಕೆ ಬಿಡುತ್ತವೆ. ಹೀಗೆ ಇಂದು ಅಲಕ್ಷಿಸಿದ ಫಿಲ್ಟರು ಮುಂದೊಂದು ದಿನ ನಿಲ್ಲದ ಎಂಜಿನಾಗಿ ಲೆಕ್ಕ ಕೇಳುತ್ತದೆ.

ಡಬ್ಬಿಯಲ್ಲಿ ತಂದು ಮನೆಯಲ್ಲಿಟ್ಟ ಡೀಸೆಲ್ಲಿನದು ಇನ್ನೊಂದು ಕಥೆ. ತಳದ ನೀರು, ತುಕ್ಕಿನ ಪುಡಿ, ಮರಳಿನ ಕಣ ಎಲ್ಲವೂ ಟ್ಯಾಂಕನ್ನು ಸೇರುತ್ತವೆ. ಡೀಸೆಲ್ ಪಂಪಿನ ಕೊಂತಕ್ಕೂ ಅದರ ಗೂಡಿಗೂ ನಡುವಣ ಅಂತರ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಕೆಲವೇ ಭಾಗ. ಅಲ್ಲಿ ಕಣ್ಣಿಗೆ ಕಾಣದ ಕಣವೂ ಬಂಡೆಗಲ್ಲಿಗೆ ಸಮ. ಡಬ್ಬಿಯನ್ನು ಒಂದು ರಾತ್ರಿ ಅಲುಗದೆ ಇಟ್ಟು, ತಳದ ಭಾಗವನ್ನು ಬಿಟ್ಟು, ಉಳಿದುದನ್ನು ಸಣ್ಣ ಜಾಲರಿಯ ಆಲಿಕೆಯಿಂದ ಸೋಸಿ ಹಾಕುವುದರಿಂದ ಬಹಳ ತೊಂದರೆ ತಪ್ಪುತ್ತದೆ. ಡೀಸೆಲ್ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸುವ ಖರ್ಚು, ಪಂಪನ್ನು ಬಿಚ್ಚಿ ಮತ್ತೆ ಅಳತೆ ಕೂಡಿಸುವ ಖರ್ಚಿನ ಮುಂದೆ ಅತ್ಯಲ್ಪ.

ಹಳೆಯ ಗಾಡಿಯನ್ನು ಕೊಳ್ಳುವವರು ಎಂಜಿನು ಚಾಲೂ ಆಗುವುದನ್ನಷ್ಟೇ ನೋಡಿ ತೃಪ್ತರಾಗುತ್ತಾರೆ. ನಿಲ್ಲುವುದನ್ನೂ ನೋಡಬೇಕು. ಚೆನ್ನಾಗಿ ಬಿಸಿಯಾದ ಮೇಲೆ ನಾಲ್ಕೈದು ಬಾರಿ ನಿಲ್ಲಿಸಿ ನೋಡಬೇಕು. ಎಂಜಿನ್ ಆಯಿಲಿನ ಕಡ್ಡಿಯನ್ನು ಎಳೆದು ಮಟ್ಟ ಗೆರೆ ಮೀರಿದೆಯೆ ಎಂದು ಪರೀಕ್ಷಿಸಬೇಕು. ಆಯಿಲಿನ ಮುಚ್ಚಳ ತೆಗೆದಾಗ ಅಲ್ಲಿಂದ ಹೊಗೆ ರಭಸವಾಗಿ ಬರುತ್ತಿದೆಯೆ ಎಂದು ಗಮನಿಸಬೇಕು. ಗೆರೆ ಮೀರಿದ ಆಯಿಲಿಗೆ ಡೀಸೆಲ್ ವಾಸನೆಯಿದ್ದರೆ, ಪಂಪಿನಿಂದಲೋ ನಾಝಲ್ಲಿನಿಂದಲೋ ಡೀಸೆಲ್ ಒಳಕ್ಕೆ ಸೋರುತ್ತಿದೆ ಎಂದು ತಿಳಿಯಬೇಕು.

ಇಂದಿನ ಡೀಸೆಲ್ ವಾಹನಗಳಲ್ಲಿ ನಾಝಲ್ಲುಗಳನ್ನು ಗಣಕವೇ ಆಳುತ್ತದೆ. ಕೀಲಿ ತೆಗೆದೊಡನೆ ಎಣ್ಣೆ ನಿಲ್ಲುತ್ತದೆ. ಅನೇಕ ಗಾಡಿಗಳಲ್ಲಿ ಗಾಳಿಯ ದಾರಿಯನ್ನು ಮುಚ್ಚುವ ತಗಡೂ ಇದೆ. ಆದರೂ ಟರ್ಬೊ ಕೆಟ್ಟು ಆಯಿಲು ಒಳಸೇರುವ ಭಯ ಅವುಗಳನ್ನೂ ಪೂರ್ತಿ ಬಿಟ್ಟಿಲ್ಲ.

ಗಾಡಿಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವಾಗ ಕೀಲಿಯೊಂದನ್ನೇ ಕೊಡುವ ವಾಡಿಕೆಯಿದೆ. ಹಳೆಯ ಡೀಸೆಲ್ ಗಾಡಿಯ ವಿಷಯದಲ್ಲಿ ಅದು ಅರ್ಧ ಒಪ್ಪಿಸಿದಂತೆ. ಬಾನೆಟ್ಟು ತೆರೆದು, ಸ್ಟಾಪ್ ಲಿವರ್ ಇದು, ಗಾಳಿಯ ಬಾಯಿ ಇದು ಎಂದು ಬೆರಳಿಟ್ಟು ತೋರಿಸಿ, ಅವರ ಕೈಯಿಂದಲೇ ಒಮ್ಮೆ ಎಂಜಿನನ್ನು ನಿಲ್ಲಿಸಿ ನೋಡಬೇಕು. ಇದಕ್ಕೆ ಐದು ನಿಮಿಷ ಸಾಕು. ಸೈಕಲ್ ಪಂಪಿನ ಬಿಸಿಯಿಂದ ಪಾಠ ಆರಂಭಿಸುವ ವಿಜ್ಞಾನದ ಉಪಾಧ್ಯಾಯರು, ಊರಿನ ಜೀಪಿನ ಬಾನೆಟ್ಟಿನ ಕೆಳಗೆ ಅದೇ ಪಾಠವನ್ನು ಮುಗಿಸಬಹುದು. ಆ ಹುಡುಗರಲ್ಲಿ ಒಬ್ಬನು ಮುಂದೊಂದು ಜಾತ್ರೆಯ ಜನಸಂದಣಿಯಲ್ಲಿ, ಗಾಳಿಯ ಕೊಳವೆಗೆ ಅಂಗೈ ಒಡ್ಡಲು ಹೊರಟವನ ತೋಳನ್ನು ಹಿಡಿದು ನಿಲ್ಲಿಸಿದರೆ, ಆ ಪಾಠ ಸಾರ್ಥಕವಾದಂತೆಯೇ ಸರಿ.